‘ಇಲ್ಲ’ ಎನ್ನುವುದರಲ್ಲೂ ಬಗೆಗಳುಂಟು

ಗಣಕದ ಪರದೆಯ ಮೇಲೆ ‘404’ ಕಂಡೊಡನೆ ‘ಪುಟ ಇಲ್ಲ’ ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಆದರೆ ಆ ಅಂಕಿ ಅಷ್ಟು ಖಚಿತವಾಗಿ ಮಾತಾಡುವುದಿಲ್ಲ. ಕೇಳಿದ್ದು ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಹಿಂದೆ ಇತ್ತೇ, ನಾಳೆ ಸಿಕ್ಕೀತೇ ಎಂಬುದಕ್ಕೆ ಉತ್ತರವಿಲ್ಲ.

ಟಿಮ್ ಬರ್ನರ್ಸ್-ಲೀ 1991ರಲ್ಲಿ ಬಳಕೆಗೆ ತಂದ ವೆಬ್‌ನ ಮೊದಲ ನಿಯಮಾವಳಿಯಲ್ಲಿ ಇಂಥ ಸಂಕೇತಗಳೇ ಇರಲಿಲ್ಲ. ತಪ್ಪಾದರೆ ಸರ್ವರ್ ಅದನ್ನು ವಿವರಿಸುವ ಪುಟ ಕಳಿಸುತ್ತಿತ್ತು. ಅದು ಮನುಷ್ಯನಿಗೆ ಅರ್ಥವಾಗುತ್ತಿತ್ತು, ಯಂತ್ರಕ್ಕಲ್ಲ. ಮೂರಂಕಿಯ ಸಂಕೇತ ಬಂದದ್ದು ಆಮೇಲೆ. ಮೊದಲ ಅಂಕಿಯೇ ಜಾತಕ ಹೇಳಿಬಿಡುತ್ತದೆ: 2 ಎಂದರೆ ಕೆಲಸವಾಯಿತು, 3 ಎಂದರೆ ಬೇರೆಡೆ ನೋಡಿ, 4 ಎಂದರೆ ಕೇಳಿಕೆಯಲ್ಲೇ ತೊಡಕು, 5 ಎಂದರೆ ಸರ್ವರ್‌ನದೇ ತಪ್ಪು.

ನಾಲ್ಕರ ಬಳಗವೇ ಸ್ವಾರಸ್ಯದ್ದು. 410 ನೇರ ಮಾತಿನದು: ಇತ್ತು, ತೆಗೆದಿದ್ದೇವೆ, ಮರಳಿ ಬಾರದು. 403 ‘ಕೊಡುವುದಿಲ್ಲ’ ಎನ್ನುತ್ತದೆ. ಪುಟ ಇರುವುದನ್ನೇ ಮರೆಮಾಚಬೇಕೆನಿಸಿದರೆ 403ರ ಬದಲು 404 ಎನ್ನಲು ನಿಯಮವೇ ಅವಕಾಶ ಕೊಟ್ಟಿದೆ! ಸರ್ಕಾರವೋ ನ್ಯಾಯಾಲಯವೋ ತಡೆದ ಬರಹವೂ ಹೀಗೆ ‘ಸಿಗಲಿಲ್ಲ’ದಲ್ಲಿ ಕರಗಿದರೆ, ಅಲ್ಲೊಂದು ನಿಷೇಧವಿತ್ತೆಂಬ ಸುಳಿವೇ ಓದುಗನಿಗೆ ಸಿಗದು.

ಇದನ್ನು ತಪ್ಪಿಸಲೆಂದು ಟಿಮ್ ಬ್ರೇ 2012ರಲ್ಲಿ 451 ಎಂಬ ಸಂಕೇತ ಸೂಚಿಸಿದರು. 2016ರಲ್ಲಿ ಅದು ಅಧಿಕೃತವಾಗಿ ಪ್ರಕಟವಾಯಿತು. ಪುಸ್ತಕಗಳನ್ನು ಸುಡುವ ಆಡಳಿತದ ಕಥೆ ಹೇಳುವ ರೇ ಬ್ರಾಡ್‌ಬರಿಯ 1953ರ ಕಾದಂಬರಿ ‘ಫ್ಯಾರನ್‌ಹೀಟ್ 451’ ಈ ಅಂಕಿಗೆ ಪ್ರೇರಣೆ. ತಡೆಗೆ ಕಾರಣವಾದ ಕಾನೂನು ಯಾವುದು, ಕೇಳಿದವರು ಯಾರು ಎಂಬುದನ್ನೂ ಉತ್ತರದಲ್ಲಿ ತಿಳಿಸಬೇಕೆಂದು ನಿಯಮ ಬಯಸುತ್ತದೆ. ಆದರೆ ತಡೆಯುವವರು 451 ಎಂದೇ ಹೇಳಬೇಕೆಂಬ ಕಡ್ಡಾಯ ಅದರಲ್ಲಿಲ್ಲ.