ಹೊಳೆ ಎಣಿಸುತ್ತ ಕರಾವಳಿ ಪ್ರವಾಸ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಬೆಳಿಗ್ಗೆ ಬನ್ಸ್ ತಿಂದು ಕಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಕಾರವಾರ ಸೇರಬಹುದು. ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ದಾರಿಯನ್ನು ಅರ್ಧ ದಿನದಲ್ಲಿ ಮುಗಿಸಬಾರದು. ಐದಾರು ದಿನವಾದರೂ ಇಟ್ಟುಕೊಳ್ಳಬೇಕು. ರಾತ್ರಿ ಟೆಂಟಿನಲ್ಲಿ ಮಲಗಬೇಕು. ಬೀಚುಗಳ ಪಟ್ಟಿಯನ್ನು ಬದಿಗಿಟ್ಟು ಹೊಳೆಗಳ ಪಟ್ಟಿ ಹಿಡಿದು ಹೊರಡಬೇಕು.

ನಮ್ಮ ಮನೆಯಲ್ಲಿ ಇದೇ ಕ್ರಮ. ಸೇತುವೆ ಬಂದಾಗಲೆಲ್ಲ ಹಿಂದಿನ ಸೀಟಿನ ಮಕ್ಕಳು ಹೊಳೆಯ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಹೊನ್ನಾವರದಲ್ಲಿ ಶರಾವತಿ, ಮಿರ್ಜಾನಿನ ಹತ್ತಿರ ಅಘನಾಶಿನಿ, ಅಂಕೋಲಾ ಸೇರುವ ಮೊದಲು ಗಂಗಾವಳಿ, ಕಾರವಾರ ದಾಟಿದರೆ ಕಾಳಿ. ನಡುವೆ ಸಣ್ಣಪುಟ್ಟ ಹೊಳೆಗಳು ಬೇರೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ನದಿಗಳು ಯಾಕೆ ಎಂಬ ಪ್ರಶ್ನೆ ಮಕ್ಕಳಿಂದ ತಾನಾಗಿ ಬರುತ್ತದೆ. ಬಲಗಡೆ ಕಾಣುವ ಘಟ್ಟದ ಸಾಲನ್ನೂ ಎಡಗಡೆಯ ಕಡಲನ್ನೂ ತೋರಿಸಿದರೆ ಉತ್ತರ ಅಲ್ಲೇ ಇದೆ. ಕಡಲಿನಿಂದ ಬಂದ ಮೋಡ ಘಟ್ಟಕ್ಕೆ ತಾಗಿ ಮಳೆ ಸುರಿಸುತ್ತದೆ, ಆ ನೀರು ಇಳಿಜಾರಿನಲ್ಲಿ ಓಡಿ ಮತ್ತೆ ಕಡಲಿಗೇ ಬರುತ್ತದೆ.

ಎರಡು ನೀರಿನ ನಡುವೆ

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಕ್ಕಳಿಗೆ ನೋಡಲು ಇರುವಷ್ಟು ಬರೀ ಮರಳ ದಂಡೆಯಲ್ಲಿ ಇಲ್ಲ. ಉಡುಪಿ ದಾಟಿದ ಮೇಲೆ ಕೋಡಿಬೆಂಗ್ರೆಗೆ ತಿರುಗಿ. ರಸ್ತೆಯ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು. ಭೂಮಿ ಕಿರಿದಾಗುತ್ತ ಹೋಗಿ, ಸ್ವರ್ಣಾ ಮತ್ತು ಸೀತಾ ಒಟ್ಟಾಗಿ ಸಮುದ್ರಕ್ಕೆ ಸೇರುವಲ್ಲಿ ಮುಗಿಯುತ್ತದೆ. ಕುಂದಾಪುರದಲ್ಲಿ ಐದು ಹೊಳೆ ಕೂಡುವ ಪಂಚಗಂಗಾವಳಿ. ಅದರ ಮುಂದೆ ಮರವಂತೆಯಲ್ಲಿ ಹೆದ್ದಾರಿಯೇ ಸೌಪರ್ಣಿಕಾ ಹೊಳೆಗೂ ಅರಬ್ಬೀ ಸಮುದ್ರಕ್ಕೂ ನಡುವೆ ಹಾದುಹೋಗುತ್ತದೆ.

ಹೊನ್ನಾವರದ ಶರಾವತಿ ಜೋಗದಿಂದ ಇಳಿದು ಬಂದವಳು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಅವಳ ನೀರನ್ನು ಮೇಲೆಯೇ ಹಿಡಿದಿಟ್ಟಿದೆ. ಇಲ್ಲಿ ಹೊಳೆ ಎಷ್ಟು ಅಗಲ ಎಂಬುದಕ್ಕೆ ಕೊಂಕಣ ರೈಲಿನ ಸೇತುವೆಯೇ ಸಾಕ್ಷಿ, ಅದರ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ರೈಲು ಬರುವ ಹೊತ್ತು ನೋಡಿಕೊಂಡು ದಡದಲ್ಲಿ ನಿಂತರೆ ಮಕ್ಕಳು ಡಬ್ಬಿ ಎಣಿಸಿ ಮುಗಿಸಲು ಸಾಕಷ್ಟು ಸಮಯ ಸಿಗುತ್ತದೆ. ಈಚೆ ದಡದ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ವನದ ಒಳಗೆ ಮರದ ಹಲಗೆಯ ನಡಿಗೆ ಹಾದಿ ಇದೆ. ನೀರು ಇಳಿದ ಹೊತ್ತಿಗೆ ಹೋದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳೂ ಅವುಗಳ ನಡುವೆ ಓಡುವ ಏಡಿಗಳೂ ಕಾಲಬುಡದಲ್ಲೇ ಕಾಣುತ್ತವೆ.

ಅಘನಾಶಿನಿಗೆ ಎರಡು ರಾತ್ರಿ

ಸಮಯ ಕಡಿಮೆಯಿದ್ದರೆ ಬೇರೆಲ್ಲ ಬಿಟ್ಟು ಕುಮಟಾ ತಾಲ್ಲೂಕಿನ ಅಘನಾಶಿನಿಯ ದಡಕ್ಕೆ ಹೋಗಿ. ಶಿರಸಿಯ ಕಡೆ ಹುಟ್ಟಿ ತದಡಿಯಲ್ಲಿ ಕಡಲು ಸೇರುವವರೆಗೆ ಈ ಹೊಳೆಗೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. 2024ರಲ್ಲಿ ಇದರ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಇಳಿತದ ಹೊತ್ತಿಗೆ ಹೊಳೆಯ ನಡುವೆ ಮರಳದಿಬ್ಬಗಳು ತಲೆ ಎತ್ತುತ್ತವೆ. ಊರಿನ ಹೆಂಗಸರು, ಗಂಡಸರು ದೋಣಿಯಲ್ಲಿ ಬಂದು ಸೊಂಟದ ಮಟ್ಟದ ನೀರಿಗೆ ಇಳಿದು ಬಳಚು (ಚಿಪ್ಪುಮೀನು) ಆರಿಸುತ್ತಾರೆ. ಕಾಲಿನಿಂದ ಮರಳು ಕೆದಕಿ, ಬಗ್ಗಿ ಕೈಯಾಡಿಸಿ, ಸಿಕ್ಕ ಚಿಪ್ಪನ್ನು ಬುಟ್ಟಿಗೆ ಹಾಕಿ ನೀರಿನಲ್ಲಿ ಜಾಲಾಡಿಸುತ್ತಾರೆ. ಮರಳು ಜಾರಿ ಹೋಗಿ ಚಿಪ್ಪು ಉಳಿಯುತ್ತದೆ. ನೀರು ಏರತೊಡಗಿತೋ, ಕೆಲಸ ನಿಂತಿತು. ಇವರ ದಿನ ನಡೆಯುವುದು ಗಡಿಯಾರ ನೋಡಿ ಅಲ್ಲ, ಚಂದ್ರನನ್ನು ನೋಡಿ. ಮಕ್ಕಳಿಗೆ ಇದು ಅರ್ಥವಾಗಲು ದಡದಲ್ಲಿ ಒಂದು ಕೋಲು ನೆಟ್ಟು ನೀರು ಏರಿದ ಗುರುತು ಹಾಕಿಸಿ, ಸಮಯ ಬರೆಸಿ. ನೀರೇರುವ ಭರತ ಮರುದಿನ ಹೆಚ್ಚುಕಡಿಮೆ 50 ನಿಮಿಷ ತಡವಾಗಿ ಬರುತ್ತದೆ. ಎರಡು ರಾತ್ರಿ ನಿಲ್ಲಬೇಕು ಎನ್ನುವುದು ಇದಕ್ಕೇ.

ದಡದ ಉಪ್ಪುನೀರಿನ ಗಜನಿ ಗದ್ದೆಗಳನ್ನೂ ನೋಡಬೇಕು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ನೆಲದಲ್ಲಿ ರೈತರು ಕಗ್ಗ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ ಅದು. ಕೊಯ್ಲಾದ ಮೇಲೆ ತೂಬು ತೆರೆದು ಅಳಿವೆಯ ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಹತ್ತಿರದ ಸಾಣಿಕಟ್ಟಾದಲ್ಲಿ ಬೇಸಿಗೆಯ ಹೊತ್ತಿಗೆ ಉಪ್ಪಿನ ಪಾತಿಗಳು ತುಂಬಿರುತ್ತವೆ. ಕೆಲಸದವರನ್ನು ಕೇಳಿ ಒಂದು ಚಿಟಿಕೆ ಉಪ್ಪನ್ನು ಮಕ್ಕಳ ಅಂಗೈಗೆ ಹಾಕಿ ಭೂತಗನ್ನಡಿ ಕೊಡಿ. ಒಂದೊಂದು ಹರಳೂ ಚೌಕವಾಗಿ, ನಾಲ್ಕು ಮೂಲೆ ತಿದ್ದಿಟ್ಟ ಹಾಗಿರುತ್ತದೆ. ನಮ್ಮ ಮಗಳು ಅಂದಿನಿಂದ ಊಟದ ಎಲೆಗೆ ಬಡಿಸಿದ ಉಪ್ಪನ್ನೂ ಬಗ್ಗಿ ನೋಡುತ್ತಾಳೆ.

ಟೆಂಟ್ ಎಲ್ಲಿ ಹಾಕಬೇಕು?

ಸಾರ್ವಜನಿಕ ಕಡಲ ದಂಡೆಯಲ್ಲಿ ರಾತ್ರಿ ಕಳೆಯುವ ಯೋಚನೆ ಬೇಡ. ಹಲವೆಡೆ ಪೊಲೀಸರು ಬಿಡುವುದಿಲ್ಲ, ಮಕ್ಕಳಿದ್ದಾಗ ಅದು ಸುರಕ್ಷಿತವೂ ಅಲ್ಲ. ಹೋಂಸ್ಟೇಗಳ ತೋಟದಲ್ಲಿ, ಅಂಗಳದಲ್ಲಿ ಟೆಂಟ್ ಹಾಕಲು ಜಾಗ ಕೊಡುತ್ತಾರೆ. ಶೌಚಾಲಯ, ಬಾವಿ ನೀರು, ಬೆಳಿಗ್ಗೆ ಬಿಸಿ ತೆಳ್ಳವು ಎಲ್ಲಕ್ಕೂ ಅನುಕೂಲ. ಕುಮಟಾದ ಹತ್ತಿರ ನಾವು ಗಂಟು ಬಿಚ್ಚುತ್ತಿದ್ದಾಗ ಆ ಮನೆಯ ಅಮ್ಮ ಓಡಿ ಬಂದು, “ಮರದ ಬುಡಕ್ಕೆ ಬೇಡ, ಕಾಯಿ ಬೀಳ್ತದೆ. ಇತ್ಲಾಗೆ ಅಂಗಳದ ಬದಿಗೆ ಹಾಕಿ” ಎಂದು ತಾವೇ ಜಾಗ ಗುಡಿಸಿ ಕೊಟ್ಟರು. ತೆಂಗಿನ ತೋಟದಲ್ಲಿ ಮಲಗುವವರೆಲ್ಲ ಮೊದಲು ತಲೆ ಎತ್ತಿ ನೋಡಬೇಕು.

ಮರಳು ನೆಲದಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ. ಬಟ್ಟೆಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತರೆ ಕಡಲ ಗಾಳಿಗೂ ಅಲುಗುವುದಿಲ್ಲ. ಡಿಸೆಂಬರ್‌, ಜನವರಿಯಲ್ಲಿ ಇಬ್ಬನಿ ಜಾಸ್ತಿ, ಮೇಲೊಂದು ತಾಡಪಾಲು ಕಟ್ಟಿ. ಸೊಳ್ಳೆಯ ಬಲೆ ಸರಿಯಿದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೊರಡಿ.

ಚಳಿಗಾಲದ ರಾತ್ರಿಗಳಲ್ಲಿ ಹೊನ್ನಾವರ, ಕಾರವಾರದ ಕಡೆಯ ದಂಡೆಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿಗಳು ಬೆಳಕಿದ್ದ ಕಡೆ ನಡೆಯುತ್ತವೆ. ದಡದಲ್ಲಿ ಬೆಂಕಿ ಹಾಕಿದರೆ, ದೊಡ್ಡ ದೀಪ ಹಚ್ಚಿದರೆ ಕಡಲಿಗೆ ಬೆನ್ನು ಹಾಕಿ ನಡೆದು ಸಾಯುತ್ತವೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುವ ಗೂಡುಗಳನ್ನು ದೂರದಿಂದ ನೋಡಿ. ಕ್ಯಾಂಪ್‌ಫೈರ್ ಇಲ್ಲದೆ ರಾತ್ರಿ ಕಳೆಯಲು ಮಕ್ಕಳಿಗೆ ಏನೂ ಬೇಸರವಿಲ್ಲ, ಕಾರಣ ಹೇಳಬೇಕಷ್ಟೆ.

ನೀರಿಗೆ ಹೆದರಬೇಡಿ, ನೀರನ್ನು ಓದಿ

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ಯಾರೂ ಇದನ್ನು ಮರೆಯಬಾರದು. ತೆರೆಗಳು ದಡಕ್ಕೆ ತಂದು ಸುರಿದ ನೀರು ಕಿರಿದಾದ ಓಣಿಯಲ್ಲಿ ರಭಸದಿಂದ ಹಿಂದೆ ಹೋಗುತ್ತದೆ. ಎರಡು ಕಡೆ ನೊರೆ ಇದ್ದು ನಡುವೆ ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಆ ಓಣಿ. ಸಿಕ್ಕಿಕೊಂಡರೆ ದಡದತ್ತ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಅಳಿವೆಯ ಬಾಯಲ್ಲಂತೂ ಇಳಿತದ ಸೆಳೆತ ಇನ್ನೂ ಜೋರು, ಅಲ್ಲಿ ಮಕ್ಕಳು ಕಾಲಿಡಲೇಬಾರದು. ಜೀವರಕ್ಷಕರಿರುವ ದಂಡೆಯಲ್ಲಿ, ಹಗಲಿನಲ್ಲಿ, ದೊಡ್ಡವರ ಕೈಗೆಟಕುವಷ್ಟು ಹತ್ತಿರದಲ್ಲಿ ಆಡಲಿ. ಮೀನುಗಾರರು ಬೇಡ ಎಂದ ದಿನ ಬೇಡವೇ ಬೇಡ.

ಮಳೆಗಾಲದಲ್ಲಿ ಈ ಪ್ರವಾಸ ಬೇಡ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯಲ್ಲಿ ಜೀವಗಳು ಹೋದವು. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ.

ಮಕ್ಕಳಿಗೆ ಹೊಳೆ ತೋರಿಸಲು ಇನ್ನೊಂದು ಕಾರಣವೂ ಇದೆ. ಅಘನಾಶಿನಿ ಕಡಲು ಸೇರುವ ತದಡಿಯಲ್ಲಿ ಒಮ್ಮೆ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವ ಬಂದಿತ್ತು. ಬಳಚು, ಕಗ್ಗ, ಮೀನು ನಂಬಿದ ಜನ ವಿರೋಧಿಸಿ ನಿಂತರು, ಅದನ್ನು ಕೈಬಿಡಲಾಯಿತು. ನಮ್ಮ ಹೊಳೆಗಳ ಮೇಲೆ ಇನ್ನೂ ಯೋಜನೆಗಳು ಬರುತ್ತವೆ. ಅವುಗಳ ಬಗ್ಗೆ ನಾಳೆ ಮಾತಾಡಬೇಕಾದವರು ಇಂದಿನ ಮಕ್ಕಳು. ಆದ್ದರಿಂದ ಈ ರಜೆಯಲ್ಲಿ ಒಂದೇ ಒಂದು ಹೊಳೆ ಆರಿಸಿಕೊಳ್ಳಿ, ಅದರ ದಡದಲ್ಲಿ ಎರಡು ರಾತ್ರಿ ನಿಲ್ಲಿ, ಅಲ್ಲಿ ದುಡಿಯುವವರ ಹತ್ತಿರ ಮಕ್ಕಳನ್ನು ಮಾತಾಡಲು ಬಿಡಿ.