ಕುರಿ ಕೊಯ್ದ ಮೇಲೆ ಮಾಂಸದೊಳಗೆ ನಡೆಯುವುದು

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ಊರಿನಲ್ಲಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕುರಿ ಕೊಯ್ಯುತ್ತಾರೆ, ಹತ್ತು ಗಂಟೆಗೆಲ್ಲ ಅಂಗಡಿ ಖಾಲಿ, ಮಧ್ಯಾಹ್ನದ ಮುದ್ದೆಗೆ ಸಾರು ತಯಾರು. ಬೆಂಗಳೂರಿನಲ್ಲಿರುವ ಮಗ ಸೂಪರ್ ಮಾರ್ಕೆಟ್ಟಿನಿಂದ ತರುವ ಪ್ಯಾಕೆಟ್ಟಿನ ಮೇಲೆ ಮೂರು ದಿನ ಹಿಂದಿನ ತಾರೀಖು ಇರುತ್ತದೆ, ಅವನು ಅದನ್ನೂ ಫ್ರೆಶ್ ಅನ್ನುತ್ತಾನೆ. ಎರಡೂ ಮೆತ್ತಗೇ ಬೇಯುತ್ತವೆ. ಆದರೆ ಊರಿನ ಹಬ್ಬದ ಮಾಂಸವನ್ನು ಬೆಳಿಗ್ಗೆಯೇ ಐಸ್ ಡಬ್ಬಿಗೆ ಹಾಕಿ ಬಸ್ಸಿನಲ್ಲಿ ಕಳಿಸಿದರೆ, ಅದು ಮಾತ್ರ ಎಷ್ಟು ಬೇಯಿಸಿದರೂ ನಾರುನಾರು. ಯಾಕೆ?

ಊರಿನದು ಒಳ್ಳೆಯದೋ ಪೇಟೆಯದು ಒಳ್ಳೆಯದೋ ಎಂಬ ವಾದ ಎಷ್ಟು ಬೇಕಾದರೂ ಎಳೆಯಬಹುದು. ಈ ಪ್ರಶ್ನೆಯ ತಿರುಳು ಇರುವುದು ಆ ಮೂರನೆಯ ಡಬ್ಬಿಯಲ್ಲಿ. ಅದನ್ನು ಬಿಡಿಸಿದರೆ ಮಿಕ್ಕ ಎರಡೂ ತಾವಾಗಿ ಬಿಡಿಸಿಕೊಳ್ಳುತ್ತವೆ.

ಕುರಿಯ ಉಸಿರು ನಿಂತ ಕ್ಷಣಕ್ಕೆ ಅದರ ಸ್ನಾಯುಗಳು ಸಾಯುವುದಿಲ್ಲ. ತೂಗುಹಾಕಿದ ತೊಡೆಯ ಮೇಲೆ ಅಲ್ಲಲ್ಲಿ ಮಾಂಸ ಅದುರುವುದನ್ನು ಬೆಳಿಗ್ಗೆ ಬೇಗ ಅಂಗಡಿಗೆ ಹೋದವರೆಲ್ಲ ನೋಡಿರುತ್ತಾರೆ. ಜೀವಕೋಶಗಳು ಇನ್ನೂ ಕೆಲಸದಲ್ಲಿವೆ, ಆದರೆ ರಕ್ತ ನಿಂತಿದೆ, ಆಮ್ಲಜನಕ ಬರುತ್ತಿಲ್ಲ. ಇದ್ದಬದ್ದ ಕೂಡಿಟ್ಟ ಶಕ್ತಿಯಲ್ಲೇ ಅವು ದಿನ ದೂಡಬೇಕು.

ಸ್ನಾಯು ಕೆಲಸ ಮಾಡುವ ಬಗೆ ತಿಳಿಯಲು ಸೇದುವ ಬಾವಿಯ ಹಗ್ಗವನ್ನು ನೆನೆಯಿರಿ. ಒಂದು ಕೈ ಹಗ್ಗ ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮುಂದಕ್ಕೆ ಹೋಗಿ ಮತ್ತೆ ಹಿಡಿಯುತ್ತದೆ. ಸ್ನಾಯುವಿನ ಎಳೆಯೊಳಗೆ ಮಯೋಸಿನ್ ಎಂಬ ಪ್ರೋಟೀನಿನ ಕೋಟ್ಯಂತರ ಪುಟ್ಟ ಕೈಗಳು ಆಕ್ಟಿನ್ ಎಂಬ ಹಗ್ಗವನ್ನು ಹೀಗೆಯೇ ಸೇದುತ್ತವೆ. ಎಳೆಗಳು ಒಂದರೊಳಗೊಂದು ಜಾರಿ ಸ್ನಾಯು ಗಿಡ್ಡವಾಗುತ್ತದೆ ಎಂಬುದನ್ನು 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡು, ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಒಂದು ತಂಡದಲ್ಲಿ ಆಂಡ್ರ್ಯೂ ಹಕ್ಸ್ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್ಲಿ. ಹೆಸರು ಒಂದೇ, ನೆಂಟರಲ್ಲ.

ಇಲ್ಲಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುವ ಸಂಗತಿ ಒಂದಿದೆ. ನಾವು ಸೇದುವಾಗ ಎಳೆಯುವುದು ಕಷ್ಟ, ಕೈ ಬಿಡುವುದು ಸಲೀಸು. ಮಯೋಸಿನ್ನಿನ ಕೈ ಹಾಗಲ್ಲ. ಹಿಡಿದದ್ದನ್ನು ಬಿಡಬೇಕಾದರೆ ಅದಕ್ಕೆ ಎಟಿಪಿ ಎಂಬ ಅಣು ಬಂದು ಅಂಟಿಕೊಳ್ಳಬೇಕು. ಎಟಿಪಿ ಇರುವಷ್ಟು ಹೊತ್ತು ಕೈಗಳು ಬಿಡುತ್ತವೆ, ಮಾಂಸ ಮೃದುವಾಗಿ ಬಾಗುತ್ತದೆ. ಎಟಿಪಿ ಮುಗಿಯಿತೋ, ಎಲ್ಲೆಲ್ಲಿ ಹಿಡಿದಿದ್ದವೋ ಅಲ್ಲಲ್ಲೇ ಕಚ್ಚಿಕೊಂಡು ನಿಲ್ಲುತ್ತವೆ. ಸತ್ತ ದೇಹ ಸೆಟೆಯುವುದೆಂದರೆ ಇದೇ.

ಈ ಎಟಿಪಿಯನ್ನು 1929ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಮನ್, ಅಮೆರಿಕದ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಕಂಡುಹಿಡಿದರು. ಸುಬ್ಬರಾವ್ ಆಂಧ್ರದ ಭೀಮಾವರಂನವರು. ಅದಕ್ಕೂ ಎರಡು ವರ್ಷ ಮೊದಲು ಫಿಸ್ಕ್ ಮತ್ತು ಅವರೇ ಸೇರಿ ಫಾಸ್ಫೋಕ್ರಿಯಾಟಿನ್ ಎಂಬ ಇನ್ನೊಂದು ವಸ್ತುವನ್ನು ಸ್ನಾಯುವಿನಲ್ಲಿ ಗುರುತಿಸಿದ್ದರು. ಕೊಯ್ದ ಮೇಲೆ ಮೊದಲು ಖರ್ಚಾಗುವ ದಾಸ್ತಾನು ಈ ಫಾಸ್ಫೋಕ್ರಿಯಾಟಿನ್ನೇ. ಅದು ಕರಗುತ್ತಾ ಎಟಿಪಿಯನ್ನು ಭರ್ತಿ ಮಾಡುತ್ತಿರುತ್ತದೆ. ಇಷ್ಟು ದೊಡ್ಡ ಎರಡು ಶೋಧಗಳಲ್ಲಿ ಪಾಲಿರುವ ಮನುಷ್ಯನ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ ಎಂಬುದು ನನಗೆ ನೋವಿನ ವಿಷಯ.

ಫಾಸ್ಫೋಕ್ರಿಯಾಟಿನ್ ಮುಗಿದ ಮೇಲೆ ಉಳಿಯುವುದು ಗ್ಲೈಕೋಜೆನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟ. ಆಮ್ಲಜನಕವಿಲ್ಲದೆ ಅದು ಒಡೆದರೆ ಲ್ಯಾಕ್ಟಿಕ್ ಆಮ್ಲ ಉಳಿಯುತ್ತದೆ. ಮಾಂಸದ ಪಿಎಚ್ 7ರಿಂದ ಇಳಿಯುತ್ತಾ ಇಳಿಯುತ್ತಾ 5.6ರ ಹತ್ತಿರ ಬಂದು ನಿಲ್ಲುತ್ತದೆ. ಈ ಹುಳಿ ನಾಲಿಗೆಗೆ ತಿಳಿಯುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ತಿಳಿಯುತ್ತದೆ. ಅವುಗಳ ಬೆಳವಣಿಗೆ ನಿಧಾನವಾಗುತ್ತದೆ. ಲಾರಿಯಲ್ಲಿ ತುಂಬಿ, ನೀರು ಮೇವಿಲ್ಲದೆ ರಾತ್ರಿಯೆಲ್ಲ ಸಾಗಿಸಿ, ಬೆದರಿಸಿ ಕೊಯ್ದ ಪ್ರಾಣಿಯಲ್ಲಿ ಗ್ಲೈಕೋಜೆನ್ ಮೊದಲೇ ಮುಗಿದಿರುತ್ತದೆ. ಹುಳಿಯಾಗಲು ಏನೂ ಉಳಿದಿರುವುದಿಲ್ಲ. ಅಂಥ ಮಾಂಸ ಕಪ್ಪುಗೆಂಪಾಗಿ ಅಂಟಂಟಾಗಿ ಇರುತ್ತದೆ, ಬೇಗ ಕೆಡುತ್ತದೆ. ಪಕ್ಕದ ಹಟ್ಟಿಯಿಂದ ನಡೆಸಿಕೊಂಡು ಬಂದು, ರಾತ್ರಿ ಅಂಗಡಿಯ ಹಿಂದೆ ಕಟ್ಟಿ, ಸೊಪ್ಪು ಹಾಕಿ ಸುಧಾರಿಸಿಕೊಳ್ಳಲು ಬಿಟ್ಟ ಕುರಿಗೆ ಈ ತೊಂದರೆ ಕಡಿಮೆ. ಕುರಿ ಸಾಕುವವರೇ ತುಂಬಿರುವ ನಮ್ಮ ಚಿತ್ರದುರ್ಗ ಸೀಮೆಯ ಸಣ್ಣ ಊರುಗಳಿಗೆ ಇರುವ ಅನುಕೂಲ ಇದು. ಪ್ರಾಣಿಯ ಮೇಲಿನ ಕರುಣೆಯೂ ಮಾಂಸದ ಗುಣವೂ ಇಲ್ಲಿ ಒಂದೇ ದಾರಿಯಲ್ಲಿ ಹೋಗುತ್ತವೆ.

ಕುರಿಯ ಮಾಂಸ ಪೂರ್ತಿ ಸೆಟೆಯಲು ಹಲವು ಗಂಟೆ ಬೇಕು. ಅದಕ್ಕೆ ಮುಂಚೆಯೇ ಒಲೆ ಮೇಲೇರಿದರೆ ಮೆತ್ತಗೇ ಬೇಯುತ್ತದೆ. ಸೆಟೆದಿರುವಾಗ ಬೇಯಿಸಿದರೆ ಅತಿ ಗಟ್ಟಿ. ಅದನ್ನು ದಾಟಿಸಿ ತಂಪಿನಲ್ಲಿ ಕೆಲವು ದಿನ ಇಟ್ಟರೆ ಮತ್ತೆ ಮೆತ್ತಗಾಗುತ್ತದೆ. ಹಾಗೆಂದು ಹಿಡಿದ ಕೈಗಳು ಬಿಟ್ಟಿರುವುದಿಲ್ಲ. ಮಾಂಸದಲ್ಲೇ ಇರುವ ಕ್ಯಾಲ್ಪೇನ್ ಎಂಬ ಕಿಣ್ವಗಳು ಹಗ್ಗವನ್ನು ಕಟ್ಟಿದ ಗಂಟುಗಳನ್ನೇ ಮೆಲ್ಲಗೆ ಸಡಿಲಿಸಿರುತ್ತವೆ. ಊರಿನ ಅಂಗಡಿ ಸೆಟೆಯುವುದಕ್ಕೆ ಮೊದಲಿನ ಮೃದುತನವನ್ನು ಮಾರುತ್ತದೆ, ಸರಿಯಾದ ಶೀತಲ ವ್ಯವಸ್ಥೆ ಇರುವ ಸೂಪರ್ ಮಾರ್ಕೆಟ್ ಸೆಟೆದು ಸಡಿಲವಾದ ಮೇಲಿನದನ್ನು. ಎರಡೂ ಪಕ್ಕಾ ಲೆಕ್ಕಾಚಾರಗಳೇ. ಒಂದನ್ನು ಫ್ರಿಜ್ಜಿಲ್ಲದ ಕಾಲದ ಜನ ತಲೆಮಾರುಗಳ ಅನುಭವದಿಂದ ಕಟ್ಟಿಕೊಂಡರು, ಇನ್ನೊಂದನ್ನು ಪ್ರಯೋಗಾಲಯ ಕಟ್ಟಿತು.

ಆ ಪ್ರಯೋಗಾಲಯದ ಕಥೆ ನ್ಯೂಜಿಲೆಂಡಿನದು. 1882ರ ಫೆಬ್ರುವರಿಯಲ್ಲಿ ‘ಡುನೀಡಿನ್’ ಎಂಬ ಹಾಯಿಹಡಗು ಸುಮಾರು 5,000 ಕುರಿಗಳ ಹೆಪ್ಪುಗಟ್ಟಿಸಿದ ಮಾಂಸ ಹೊತ್ತು ಪೋರ್ಟ್ ಚಾಮರ್ಸಿನಿಂದ ಹೊರಟು, ಮೂರು ತಿಂಗಳ ಮೇಲೆ ಲಂಡನ್ ಮುಟ್ಟಿತು. ಮಾಂಸ ಕೆಟ್ಟಿರಲಿಲ್ಲ. ಆ ಪುಟ್ಟ ದೇಶದ ಬದುಕೇ ಅಂದಿನಿಂದ ಬದಲಾಯಿತು. ಆಮೇಲಿನ ದಶಕಗಳಲ್ಲಿ ಯಂತ್ರಗಳು ಸುಧಾರಿಸಿ, ಕೊಯ್ದ ಸ್ವಲ್ಪ ಹೊತ್ತಿಗೇ ಮಾಂಸವನ್ನು ಹೆಪ್ಪುಗಟ್ಟಿಸುವಷ್ಟು ವೇಗ ಬಂತು. ಬೇಗ ತಣಿಸಿದಷ್ಟೂ ಒಳ್ಳೆಯದು ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಎಳೇ ಕುರಿಯ ಮಾಂಸವೂ ಗಟ್ಟಿ ಎಂಬ ದೂರು ಶುರುವಾಯಿತು. ಕಾರಣ ಹುಡುಕಿದವರು ಲಾಕರ್ ಮತ್ತು ಹ್ಯಾಗ್ಯಾರ್ಡ್ ಎಂಬ ಸಂಶೋಧಕರು. 1963ರಲ್ಲಿ ಅವರು ತೋರಿಸಿದ್ದು ಇಷ್ಟು: ಇನ್ನೂ ಸೆಟೆಯದ ದನದ ಮಾಂಸದ ತುಂಡನ್ನು ಮೂಳೆಯಿಂದ ಬಿಡಿಸಿ ಬೇರೆಬೇರೆ ಉಷ್ಣತೆಯಲ್ಲಿಟ್ಟರೆ, 14ರಿಂದ 19 ಡಿಗ್ರಿಯ ನಡುವೆ ಅದು ಕುಗ್ಗುವುದು ಅತಿ ಕಡಿಮೆ. ಸೊನ್ನೆಯ ಹತ್ತಿರ ಇಟ್ಟರೆ ಹೆಚ್ಚೂಕಡಿಮೆ ಅರ್ಧಕ್ಕೆ ಕುಗ್ಗುತ್ತದೆ.

ಐಸ್ ಡಬ್ಬಿಯ ಒಗಟು ಇಲ್ಲಿ ಒಡೆಯುತ್ತದೆ. ಸ್ನಾಯುವಿಗೆ ‘ಎಳೆ’ ಎಂದು ಆಜ್ಞೆ ಕೊಡುವುದು ಕ್ಯಾಲ್ಸಿಯಂ. ಜೀವಂತ ಸ್ನಾಯು ಅದನ್ನು ಪುಟ್ಟ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿಟ್ಟಿರುತ್ತದೆ. ಎಟಿಪಿ ಇನ್ನೂ ಉಳಿದಿರುವ ಬಿಸಿ ಮಾಂಸ ದಿಢೀರನೆ 10 ಡಿಗ್ರಿಗಿಂತ ಕೆಳಗಿಳಿದರೆ, ಚೀಲಗಳಿಗೆ ಕ್ಯಾಲ್ಸಿಯಂ ಹಿಡಿದಿಡಲು ಆಗುವುದಿಲ್ಲ, ಸೋರಿಬಿಡುತ್ತದೆ. ಕೈಗಳೆಲ್ಲ ಒಮ್ಮೆಲೇ ಹಗ್ಗವನ್ನು ಕೊನೆತನಕ ಸೇದಿಬಿಡುತ್ತವೆ. ಆಮೇಲೆ ಎಟಿಪಿ ಮುಗಿಯುತ್ತದೆ, ಹಿಡಿದ ಕೈ ಹಿಡಿದಂತೆಯೇ. ಇಷ್ಟು ಕುಗ್ಗಿ ಸೆಟೆದ ಮಾಂಸವನ್ನು ಆಮೇಲೆ ವಾರವಿಟ್ಟರೂ ಕಿಣ್ವಗಳ ಕೈಯಲ್ಲಿ ಹೆಚ್ಚೇನೂ ಸಾಗುವುದಿಲ್ಲ. ಬಿಸಿ ಮಾಂಸವನ್ನು ನೇರ ಫ್ರೀಜರಿಗೆ ತುರುಕುವುದು ಇನ್ನೂ ಕೆಟ್ಟದ್ದು. ಹೆಪ್ಪು ಬಿಟ್ಟಾಗ ಅದು ನೀರು ಸುರಿಸುತ್ತಾ ಮುದುಡುತ್ತದೆ.

ನ್ಯೂಜಿಲೆಂಡಿನ ಕೊಬ್ಬಿದ ಕುರಿಗಿಂತ ನಮ್ಮ ಬಯಲುಸೀಮೆಯ ಕುರಿ ಮೇಕೆಗಳಿಗೆ ಈ ಅಪಾಯ ಹೆಚ್ಚು. ಕೊಬ್ಬಿನ ಪದರ ಹೊದಿಕೆಯ ಹಾಗೆ ಒಳಗಿನ ಶಾಖವನ್ನು ಹಿಡಿದಿಡುತ್ತದೆ. ಒಣಹುಲ್ಲು, ಜಾಲಿಕಾಯಿ ತಿಂದು ಬೆಳೆದ ಪ್ರಾಣಿಗೆ ಚರ್ಮದಡಿ ಕೊಬ್ಬು ತೆಳು, ಮೈಯೂ ಸಣ್ಣದು, ಬಹುಬೇಗ ತಣ್ಣಗಾಗುತ್ತದೆ. ಮೇಕೆಯಲ್ಲಂತೂ ಚರ್ಮದಡಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಹೊರದೇಶದ ದೊಡ್ಡ ಪ್ರಾಣಿಗಳಿಗೆ ಹೊಂದಿಸಿದ ತಣಿಸುವ ವೇಗವನ್ನು ಹಾಗೆಯೇ ತಂದು ನಮ್ಮ ಮೇಕೆಗೆ ಹಚ್ಚುವುದು ತಪ್ಪು.

ಲಾಕರ್ ಅವರ ಕೆಲಸದ ನಂತರ ನ್ಯೂಜಿಲೆಂಡಿನವರು ಮಾಂಸವನ್ನು ಮೊದಲು ಮಧ್ಯಮ ಉಷ್ಣತೆಯಲ್ಲಿ ತೂಗುಹಾಕಿ ಆಮೇಲೆ ತಣಿಸುವ ಕ್ರಮಕ್ಕೆ ಬಂದರು. 1970ರ ದಶಕದಲ್ಲಿ, ಕೊಯ್ದ ಪ್ರಾಣಿಯ ದೇಹಕ್ಕೆ ವಿದ್ಯುತ್ ಹಾಯಿಸಿ ಎಟಿಪಿಯನ್ನು ಬೇಗ ಖರ್ಚು ಮಾಡಿಸುವ ಉಪಾಯವೂ ಬಳಕೆಗೆ ಬಂತು. ವಿದ್ಯುತ್ತಿನಿಂದ ಕೊಂದ ಟರ್ಕಿ ಕೋಳಿಯ ಮಾಂಸ ವಿಶೇಷವಾಗಿ ಮೃದು ಎಂದು ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲೇ ಗಮನಿಸಿದ್ದ. ಕಾರಣ ತಿಳಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಈಗ ಬಣ್ಣದ ಮಾತು. ನಿರ್ವಾತ ಪ್ಯಾಕೆಟ್ಟಿನ ಮಾಂಸ ನೇರಳೆಯಾಗಿ ಕಂಡರೆ ನಮ್ಮವರು ಹಳಸಿದೆ ಎಂದು ಎಸೆಯುತ್ತಾರೆ. ಮಾಂಸದ ಬಣ್ಣ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಜಾನ್ ಕೆಂಡ್ರ್ಯೂ ಇದರ ರಚನೆ ಬಿಡಿಸಿದ್ದಕ್ಕೆ 1962ರ ನೊಬೆಲ್‌ನಲ್ಲಿ ಪಾಲು ಪಡೆದರು. ಆಮ್ಲಜನಕ ಸಿಗದಾಗ ಅದು ನೇರಳೆ, ಗಾಳಿ ತಗುಲಿದರೆ ಅರ್ಧ ಗಂಟೆಯಲ್ಲಿ ಕೆಂಪು, ದಿನಗಳು ಕಳೆದರೆ ಕಂದು. ಪ್ಯಾಕೆಟ್ ಬಿಚ್ಚಿ ಸ್ವಲ್ಪ ಹೊತ್ತು ಇಟ್ಟು ನೋಡಿ, ಕೆಂಪಾಗುತ್ತದೆ. ಕೆಲವು ಪ್ಯಾಕೆಟ್ಟುಗಳಲ್ಲಿ ಬಣ್ಣ ಕೆಂಪಾಗಿಯೇ ಇರಲೆಂದು ಆಮ್ಲಜನಕವನ್ನು ಹೆಚ್ಚಾಗಿ ತುಂಬಿರುತ್ತಾರೆ. ಹಾಗಾಗಿ ಕೆಂಪು ಬಣ್ಣವೊಂದನ್ನೇ ನಂಬಬಾರದು, ಮೂಗನ್ನು ನಂಬಬೇಕು. ತಳದಲ್ಲಿ ನಿಂತ ಕೆಂಪು ನೀರು ರಕ್ತವಲ್ಲ, ಮಾಂಸದಿಂದಲೇ ಒಸರಿದ, ಮಯೋಗ್ಲೋಬಿನ್ ಬೆರೆತ ನೀರು.

ಊರಿನ ಅಂಗಡಿಯನ್ನು ಹೊಗಳಿ ಸುಮ್ಮನಾಗುವುದು ಸರಿಯಲ್ಲ. ಇಡೀ ತೊಡೆಯ ಒಳಭಾಗದಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನಬಹುದು, ಅವು ಇರುವುದು ಮೇಲ್ಮೈಯಲ್ಲಿ. ಚರ್ಮ ಸುಲಿಯುವಾಗ, ಕರುಳು ತೆಗೆಯುವಾಗ, ಮಚ್ಚಿನಿಂದ, ತೊಳೆಯುವ ನೀರಿನಿಂದ, ಕೊರಡಿನ ಬಿರುಕುಗಳಿಂದ, ನೊಣಗಳಿಂದ ಬರುತ್ತವೆ. ಬಿಸಿಲೇರಿ 30 ಡಿಗ್ರಿ ದಾಟಿದರೆ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವಂಥವೂ ಅವುಗಳಲ್ಲಿವೆ. ಬೆಳಿಗ್ಗೆ ಆರಕ್ಕೆ ಕೊಂಡ ಮಾಂಸವೂ ಅದೇ ಕುರಿಯ ಹನ್ನೆರಡು ಗಂಟೆಯ ಮಾಂಸವೂ ಬೇರೆಬೇರೆಯೇ: ಒಂದು ಇನ್ನೂ ಸೆಟೆದಿಲ್ಲ, ಇನ್ನೊಂದು ಸೆಟೆಯುತ್ತಿದೆ, ಮೇಲೆ ಬ್ಯಾಕ್ಟೀರಿಯಾವೂ ಹೆಚ್ಚಿದೆ. ಕೈಮಾದಲ್ಲಂತೂ ಹೊರಗಿನದೆಲ್ಲ ಒಳಗೆ ಬೆರೆತುಹೋಗುತ್ತದೆ. ಕೈಮಾ ಬೇಕಿದ್ದರೆ ನಿಮ್ಮ ಕಣ್ಣೆದುರೇ ಹೊಡೆಸಿ, ಬೇಗ ಬೇಯಿಸಿ. ಕೊಯ್ಯುವ ಮುಂಚೆ ಪ್ರಾಣಿಯನ್ನೂ ಕೊಯ್ದ ಮೇಲೆ ಈಲಿ, ಶ್ವಾಸಕೋಶಗಳನ್ನೂ ಪಶುವೈದ್ಯರು ನೋಡುವ ವ್ಯವಸ್ಥೆ ದೊಡ್ಡ ಕಸಾಯಿಖಾನೆಗಳ ನಿಜವಾದ ಹಿರಿಮೆ. ಹಳ್ಳಿಗಳಿಗೆ ಅದು ಬರಬೇಕು. ಹೊಳೆಯುವ ಪ್ಯಾಕೆಟ್ಟಿಗಿಂತ ಅದಕ್ಕೆ ಹಣ ಹಾಕುವುದು ಸಾವಿರ ಪಾಲು ಮೇಲು. ಪ್ಯಾಕೆಟ್ಟಿನ ಗುಣವೆಲ್ಲ ನಿಂತಿರುವುದು ಸೊನ್ನೆಯಿಂದ ನಾಲ್ಕು ಡಿಗ್ರಿಯ ತಂಪು ಎಲ್ಲೂ ತಪ್ಪದಿರುವುದರ ಮೇಲೆ. ಕರೆಂಟು ಹೋಗಿ ಬಂದ ಅಂಗಡಿಯ ಪ್ಯಾಕೆಟ್ಟಿನ ಮೇಲೆ ‘ನೈಸರ್ಗಿಕ’ ಎಂದೋ ‘ಫಾರ್ಮ್ ಫ್ರೆಶ್’ ಎಂದೋ ಬರೆದಿದ್ದರೆ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಬಸ್ಸಿನಲ್ಲಿ ಮಾಂಸ ಕಳಿಸುವವರಿಗೆ ನಾನು ಹೇಳುವುದು ಇಷ್ಟೇ. ಹಸಿಯಾಗಿ ಕಳಿಸಬೇಡಿ. ತಂದ ಕೂಡಲೇ ಉಪ್ಪು ಅರಿಶಿನ ಹಚ್ಚಿ, ಬೇಯಿಸಿ, ಆರಿಸಿ, ಆಮೇಲೆ ಐಸಿನಲ್ಲಿಡಿ. ಬೆಂದ ಮಾಂಸದಲ್ಲಿ ಸೇದುವ ಕೈಗಳು ಉಳಿದಿರುವುದಿಲ್ಲ, ತಂಪಿಗೆ ಅದು ಕುಗ್ಗುವುದಿಲ್ಲ. ಉಪ್ಪಿಗೂ ಇಲ್ಲಿ ಕೆಲಸವಿದೆ: ಸೆಟೆಯುವ ಮುಂಚೆ ಉಪ್ಪು ಬಿದ್ದ ಮಾಂಸ ತನ್ನ ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಸಾಸೇಜ್ ಕಾರ್ಖಾನೆಗಳು ಬಿಸಿ ಮಾಂಸಕ್ಕೆ ಉಪ್ಪು ಬೆರೆಸುವುದು ಇದೇ ಕಾರಣಕ್ಕೆ. ಈಗಾಗಲೇ ಗಟ್ಟಿಯಾದ ಮಾಂಸ ಮನೆಯಲ್ಲಿದ್ದರೆ ಪರಂಗಿಕಾಯಿ ಅರೆದು ಹಚ್ಚಿ. ಅದರ ಪಪೇನ್ ಎಂಬ ಕಿಣ್ವ, ಕ್ಯಾಲ್ಪೇನ್ ಮಾಡಲಾಗದೆ ಬಿಟ್ಟ ಕೆಲಸವನ್ನು ಹೊರಗಿನಿಂದ ಮಾಡುತ್ತದೆ. ಆದರೆ ಕಾಯಿ ಹಸಿರಾಗಿರಬೇಕು. ಹಣ್ಣಾದಂತೆ ಅದರ ಹಾಲು ಕಡಿಮೆಯಾಗುತ್ತದೆ, ಪಪೇನ್ ಇರುವುದು ಆ ಹಾಲಿನಲ್ಲೇ.