ನಿದ್ರೆ ಮಾತ್ರೆಗೆ ಹೆಸರು ಬರೆಯುವುದೇಕೆ?

ಪ್ರಶ್ನೆ: ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್ಲಿನಲ್ಲಿ ಜ್ವರದ ಮಾತ್ರೆ ಕೇಳಿದರೆ ಕೊಡುತ್ತಾರೆ. ಅಮ್ಮನ ನಿದ್ರೆ ಮಾತ್ರೆಗೆ ಮಾತ್ರ ಚೀಟಿ ನೋಡಿ, ಪುಸ್ತಕದಲ್ಲಿ ಹೆಸರು ಬರೆದುಕೊಂಡರು. ಯಾಕೆ?

ಉತ್ತರ: ಅಂಗಡಿಯವರಿಗೆ ನಿಮ್ಮ ಮೇಲೆ ಅನುಮಾನವೇನಿಲ್ಲ, ಕಾನೂನು ಹಾಗಿದೆ. ಆಲ್ಪ್ರಜೋಲಾಂ, ಜೋಲ್ಪಿಡೆಂ ಮೊದಲಾದ ನಿದ್ರೆ ಮಾತ್ರೆಗಳು 2014ರ ಮಾರ್ಚ್‌ನಿಂದ ‘ಎಚ್1’ ಪಟ್ಟಿಯಲ್ಲಿವೆ. ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದು ಆ ಪುಸ್ತಕವನ್ನು 3 ವರ್ಷ ಇಟ್ಟುಕೊಳ್ಳಬೇಕು.

ಆಲ್ಪ್ರಜೋಲಾಂ ಮಿದುಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸುತ್ತದೆ. ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಬಿಡಬಹುದು. ಆಮೇಲೆ ಒಮ್ಮೆಲೇ ಬಿಟ್ಟರೆ ಇದ್ದ ನಿದ್ರೆಯೂ ಹೋಗುತ್ತದೆ, ಫಿಟ್ಸ್ ಬರುವುದೂ ಉಂಟು. ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಜೋಲ್ಪಿಡೆಂ ಬೇಗ ಹಿಡಿಯುತ್ತದೆ. ಹಾಸಿಗೆಗೆ ಹೋಗುವಾಗಲೇ ನುಂಗಬೇಕು, ಧಾರಾವಾಹಿ ನೋಡುತ್ತಾ ಅಲ್ಲ. ಹೆಂಗಸರ ಮೈಯಿಂದ ಅದು ನಿಧಾನವಾಗಿ ಇಳಿಯುವುದರಿಂದ ಅಮೆರಿಕ 2013ರಲ್ಲಿ ಅವರ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ತಗ್ಗಿಸಿತು. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದು ಬೀಳುವ ಭಯವೇ ನನಗೆ ದೊಡ್ಡದು. ಮದ್ಯದ ಜೊತೆಗಂತೂ ಎರಡೂ ಕೂಡದು, ಉಸಿರೇ ಕುಗ್ಗಬಹುದು.

ಬಹುಕಾಲದ ನಿದ್ರಾಹೀನತೆಗೆ ಮೊದಲ ಮದ್ದು ಮಾತ್ರೆಯಲ್ಲ, ಮಲಗುವ ಅಭ್ಯಾಸ ತಿದ್ದುವ ವರ್ತನಾ ಚಿಕಿತ್ಸೆ. ವೆನ್ಲಾಕ್ ಆಸ್ಪತ್ರೆ ನಿಮಗೆ ಕೂಗಳತೆಯಲ್ಲೇ ಇದೆ. ಮುಂದಿನ ಚೀಟಿಗೆ ವೈದ್ಯರ ಬಳಿ ಹೋದಾಗ ಈ ಚಿಕಿತ್ಸೆಯ ಬಗ್ಗೆಯೂ ಕೇಳಿ, ಅಮ್ಮನ ಉಳಿದ ಮಾತ್ರೆಗಳನ್ನೂ ತೋರಿಸಿ.